ಗಿರಣಿ ನಂಬರಿನ ಆರನೆಯವರು

ಅಥವಾ ನಾನು ನಗಲೇ ಇಲ್ಲವೇನೋ. ನಕ್ಕೆ ಎಂದು ನನ್ನ ತಂಗಿ ಹೇಳುತ್ತಾಳೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವಳ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆನಂತೆ. ಯಾವುದೋ ಒಂದು ಸಾಲು ಓದಿ ಜೋರಾಗಿ ನಕ್ಕೆನಂತೆ. ಅಡುಗೆಮನೆಯಿಂದ ಅವಳು "ಯಾಕೋ?" ಎಂದು ಕೇಳಿದ್ದಕ್ಕೆ "ಏನಿಲ್ಲ" ಎಂದೆನಂತೆ.

ನನಗೆ ನೆನಪಿರುವುದು ಬೇರೆ. ಆ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ ಎಂದು ನನ್ನ ನೆನಪು. ಆದರೆ ಈ ನೆನಪು ನನಗೆ ತೀರ ಅನುಕೂಲವಾಗಿದೆ, ನನ್ನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ. ಅಂಥ ನೆನಪುಗಳನ್ನು ನಾನು ನಂಬುವುದಿಲ್ಲ. ತಂಗಿ ಹೇಳಿದ್ದೇ ಸರಿ ಇರಬೇಕು. ನಕ್ಕಿದ್ದೇನೆ.

ನಕ್ಕು, ಆ ಸಾಲನ್ನು ಅಳಿಸಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. (ಮೊದಲು ಎನ್ನುವುದು ಎಲ್ಲಿಂದ ಶುರುವಾಯಿತು ಎಂಬುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ.)

ತಂಗಿ ಶೈಲಾ ಗದಗಿನಲ್ಲಿ ಕಿವಿ ಮಷಿನ್ ಅಂಗಡಿ ಇಟ್ಟಿದ್ದಾಳೆ. ಬೋರ್ಡಿನ ಮೇಲೆ 'ಶ್ರವಣ ಸಾಧನ' ಎಂದಿದೆ. ಜನ ಕೇಳಿಕೊಂಡು ಬರುವುದು ಮಾತ್ರ ಕಿವಿ ಮಷಿನ್ ಅಂಗಡಿಯನ್ನೇ. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಹೀಗೆ ತಿಂಗಳಿಗೆ ಒಂದು ಕಡೆ ಕ್ಯಾಂಪ್ ಹಾಕಿ ಕಿವಿ ಟೆಸ್ಟ್ ಮಾಡುತ್ತಾಳೆ. ಟೆಸ್ಟ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು "ನೋಡೂಣ್ರಿ" ಎಂದು ಎದ್ದು ಹೋಗುತ್ತಾರೆ. ಮಾರಾಟದವರ ಭಾಷೆಯಲ್ಲಿ ಇವರು ಪ್ರಾಸ್ಪೆಕ್ಟ್‌ಗಳು, ಅಂದರೆ ಮುಂದೆ ಗಿರಾಕಿ ಆಗಬಹುದಾದವರು. ಶೈಲಾ ಇವರಿಗೆ 'ನೋಡಿ ಹೋದವರು' ಎನ್ನುತ್ತಾಳೆ.

ನೋಡಿ ಹೋದವರೆಲ್ಲ ಒಂದು ಹಳೆಯ ಆ್ಯಪ್‌ನಲ್ಲಿದ್ದರು. ಹೆಸರು, ಊರು, ಮೊಬೈಲ್ ನಂಬರ್ ಆದಮೇಲೆ ಅದರಲ್ಲಿ 'ಷರಾ' ಎಂದು ಒಂದು ಖಾನೆ. ಎಷ್ಟು ಬೇಕಾದರೂ ಬರೆಯಬಹುದಿತ್ತು. ಶೈಲಾ ಬರೆಯುತ್ತಿದ್ದಳು. ಮಾತನಾಡುವ ಹಾಗೆಯೇ ಬರೆಯುತ್ತಿದ್ದಳು.

"ಮುಂಡರಗಿ ಮಾಸ್ತರು. ಮಷಿನ್ ಬೇಕಾಗೇತಿ. ಆದ್ರ ಹೆಂಡತಿ ಮುಂದ ಬ್ಯಾಡ ಅಂತಾರ. ಆಕಿ ನಾಕ ಸಲ ಕೈ ಮುಗಿದ ಮ್ಯಾಲೆ ತೊಗೊಳ್ಳಾವ್ರು. ಕಾಯಬೇಕು."

"ಶಿರಹಟ್ಟಿ ಅಜ್ಜ. ಎಡಗಿವಿಗೆ ಒದರಬಾರದು. ಸಿಟ್ಟಾಗತಾನ. ಬಲಗಡೆ ಕುಂತು ಮೆತ್ತಗ ಮಾತಾಡಬೇಕು."

"ಬೆಟಗೇರಿ ನೇಕಾರರು. ಮಗ್ಗದ ಸಪ್ಪಳ ಬಿಟ್ಟು ಬ್ಯಾರೆ ಏನೂ ಕೇಳಂಗಿಲ್ಲ. ಅದೊಂದು ಕೇಳಿದ್ರ ಸಾಕು ಅಂತಾರ. ಖರೆ ಹೇಳಾಕತ್ತಾರೋ ಚಾಷ್ಟಿ ಮಾಡಾಕತ್ತಾರೋ ತಿಳೀಲಿಲ್ಲ."

ಇದನ್ನು ಡೇಟಾ ಎನ್ನುತ್ತಾರೆಯೇ? ಎನ್ನುತ್ತಾರೆ. ಎರಡು ತಿಂಗಳ ಹಿಂದೆ ಆ ಹಳೆಯ ಆ್ಯಪ್‌ನವರು ತಮ್ಮ ಅಂಗಡಿ ಮುಚ್ಚುತ್ತೇವೆಂದು ಸುದ್ದಿ ಕಳಿಸಿದರು. ಮಷಿನ್ ತಯಾರಿಸುವ ಕಂಪನಿಯವರು ತಮ್ಮದೇ ಒಂದು ಹೊಸ ಪ್ಲಾಟ್‌ಫಾರ್ಮ್ ತಂದಿದ್ದರು. ತಿಂಗಳ ಕೊನೆಯೊಳಗೆ ಎಲ್ಲರೂ ಡೇಟಾ ಮೈಗ್ರೇಟ್ ಮಾಡಬೇಕು. ಮೈಗ್ರೇಶನ್ ಎಂದರೆ ನಮ್ಮ ಕಡೆ ಗುಳೆ. ಗುಳೆ ಹೋಗುವವರು ಮನೆಯನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ, ಬೇಕಾದದ್ದಷ್ಟನ್ನೇ ಗಂಟು ಕಟ್ಟುತ್ತಾರೆ. ಆದರೆ ಬೇಕಾದದ್ದು ಯಾವುದು ಎಂದು ಹೋಗುವವರು ತೀರ್ಮಾನಿಸುತ್ತಾರೆ. ಇಲ್ಲಿ ಗಂಟು ಕಟ್ಟಿದವನು ನಾನು.

ನಾನೇ ಯಾಕೆ? ಅಂಕಣ ಬರೆಯುವವನಿಗೆ ಕಂಪ್ಯೂಟರ್ ಪೂರ್ತಿ ಬರುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ಆ ನಂಬಿಕೆಯನ್ನು ನಾನು ಯಾವತ್ತೂ ತಿದ್ದಿಲ್ಲ.

ಹಳೆಯ ಆ್ಯಪ್‌ನಿಂದ ಎಲ್ಲವನ್ನೂ ಒಂದು ಎಕ್ಸೆಲ್ ಫೈಲಿಗೆ ಇಳಿಸಿದೆ. ಹೊಸ ಪ್ಲಾಟ್‌ಫಾರ್ಮಿಗೆ ಏರಿಸಲು ಹೋದರೆ ಅದು ಒಪ್ಪಲಿಲ್ಲ. ಒಂದೇ ಮೊಬೈಲ್ ನಂಬರ್ ಹಲವು ಸಲ ಬಂದಿದೆ ಎಂದು ಕೆಂಪು ಅಕ್ಷರದಲ್ಲಿ ಬೈಯಿತು. ಅದರ ತಿಳಿವಳಿಕೆಯ ಪ್ರಕಾರ ಒಂದು ನಂಬರ್ ಎಂದರೆ ಒಬ್ಬ ಮನುಷ್ಯ. ನಾನೂ ಹಾಗೆಯೇ ತಿಳಿದೆ. ಕ್ಯಾಂಪಿಗೆ ಎರಡೆರಡು ಸಲ ಬಂದವರನ್ನು ಶೈಲಾ ಎರಡೆರಡು ಸಲ ಬರೆದುಕೊಂಡಿದ್ದಾಳೆ ಅಂದುಕೊಂಡೆ. 'ಡುಪ್ಲಿಕೇಟ್ ತೆಗೆಯಲೇ?' ಎಂದು ಎಕ್ಸೆಲ್ ಕೇಳಿತು. ತೆಗೆ ಎಂದೆ. ತೆಗೆಯಿತು. ಒಂದೊಂದು ನಂಬರಿಗೆ ಒಬ್ಬೊಬ್ಬರು ಉಳಿದರು. ಅದೇ ಫೈಲನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದೆ. (ಹೌದು, ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಈ ಸಾಲು ಓದಿ ನೀವು ತಲೆ ಚಚ್ಚಿಕೊಳ್ಳುವುದು ನನಗೆ ಕಾಣುತ್ತಿದೆ.)

ಎರಡು ದಿನದ ಮೇಲೆ ಕಂಪನಿಯಿಂದ ಒಬ್ಬರು ಫೋನ್ ಮಾಡಿ, "ಸರ್, ಇಷ್ಟು ಕ್ಲೀನ್ ಡೇಟಾ ಯಾರೂ ಕಳಿಸಿಲ್ಲ" ಎಂದರು. ಆ ವಾರವೆಲ್ಲ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಈಗ ನೀವೇ ಯೋಚಿಸಿ. ಕಿವಿ ಕೇಳದವರು ತಮ್ಮ ಫೋನ್ ನಂಬರ್ ಕೊಟ್ಟು ಏನು ಮಾಡುತ್ತಾರೆ? ಫೋನ್ ಹೊಡೆದುಕೊಂಡರೆ ಕೇಳಿಸಬೇಕಲ್ಲ? ಹಾಗಾಗಿ ಅವರು ಯಾವತ್ತೂ ಬೇರೆಯವರ ನಂಬರ್ ಕೊಡುತ್ತಾರೆ. ಕಿರಾಣಿ ಅಂಗಡಿಯವರದು, ಅಂಗನವಾಡಿ ಟೀಚರದು, ಓಣಿಯಲ್ಲಿ ಯಾರು ಫೋನ್ ತೆಗೆದು ನಾಲ್ಕು ಮಾತಾಡುತ್ತಾರೋ ಅವರದು. ಇಡೀ ಊರಿಗೆ ಒಂದೇ ನಂಬರ್ ಇದ್ದರೂ ಇರುತ್ತದೆ. ಈ ಧಂದೆಯಲ್ಲಿ ಇರುವ ಯಾರಿಗಾದರೂ ಇದು ಗೊತ್ತು. ಶೈಲಾಗೆ ಗೊತ್ತಿತ್ತು. ನಾನು ಕೇಳಲಿಲ್ಲ.

ಗೊತ್ತಾಗಿದ್ದು ಹುಬ್ಬಳ್ಳಿಯಿಂದ ಒಂದು ಪುಟ್ಟ ಡಬ್ಬಿ ಬಂದಾಗ. ಒಳಗೆ ಕಿವಿಯ ಅಚ್ಚು. ಮಷಿನ್ ಕಿವಿಯಲ್ಲಿ ಸರಿಯಾಗಿ ಕೂರಬೇಕಾದರೆ ಆ ಕಿವಿಯ ಅಳತೆಗೇ ಒಂದು ಅಚ್ಚು ಮಾಡಿಸಬೇಕು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಡಬ್ಬಿಯ ಮೇಲೆ, ಅಳತೆ ಕಳಿಸುವಾಗ ಶೈಲಾ ಬರೆದು ಹಚ್ಚಿದ್ದ ಚೀಟಿ: "೪೧೭. ಗಿರಣಿ. ಬಲಗಿವಿ." ಹೆಸರಿರಲಿಲ್ಲ.

"ಅಣ್ಣಾ, ನಾಕನೂರಾ ಹದಿನೇಳು ಎಲ್ಲಿ ಹೋತು?" ಎಂದು ಶೈಲಾ ಫೋನ್ ಮಾಡಿದಳು.

"ಏನದು?"

"ಹಳೇ ಆ್ಯಪಿನ ನಂಬರೋ. ಹೊಸಾದ್ರಾಗ ಹುಡಿಕಿ ಹುಡಿಕಿ ಸಾಕಾತು. ಗಿರಣಿ ನಂಬರಿಗೆ ಬರೇ ಈರಪ್ಪಜ್ಜ ಒಬ್ಬನ ಬರಾಕತ್ತಾನ. ಉಳಿದಾವ್ರು ಎಲ್ಲಿ?"

ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ, "ಎಲ್ಲಾರದೂ ಒಂದ ನಂಬರ್ ಇತ್ತು. ಡುಪ್ಲಿಕೇಟ್ ಅಂದ್ಕೊಂಡೆ" ಎಂದೆ.

ಅದಕ್ಕೆ ಅವಳು ಹೇಳಿದ್ದು ಇದು: "ನಂಬರ್ ಒಂದ ಇತ್ತೋ ಮಾರಾಯ. ಕಿವಿ ಹನ್ನೆರಡಿದ್ದುವಲ್ಲೋ."

ಆರು ಜನ. ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ನಡುವಿನ ಒಂದು ಊರಿನವರು. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಆರೂ ಜನ ಅದೇ ಊರಿನ ಹಿಟ್ಟಿನ ಗಿರಣಿಯವರ ನಂಬರ್ ಕೊಟ್ಟಿದ್ದರು. ಹಳೆಯ ಆ್ಯಪ್ ಆಗಲೇ ಮುಚ್ಚಿತ್ತು. ಟೆಸ್ಟಿನ ಗ್ರಾಫ್ ಕೂಡ ಅದರಲ್ಲೇ ಇತ್ತು. ಎಲ್ಲ ಹೋಯಿತು.

"ಈ ಅಚ್ಚು ಯಾರದು, ಹೆಸರ ನೆನಪಿಲ್ಲೇನು?" ಎಂದು ಕೇಳಿದೆ.

"ಹೆಸರ ಹೇಳಲೇ ಇಲ್ಲ ಆಕಿ. 'ಅಕ್ಕಾರು' ಅಂತ ಹಾಕ್ಕೊಂಡಿದ್ದೆ. ಎಲ್ಲಾ ಷರಾದಾಗ ಬರದಿದ್ನಲ್ಲ, ನೆನಪ ಯಾಕ ಇಟಗೊಳ್ಳಿ?"

ಆ ಹೆಣ್ಣುಮಗಳು ಲಕ್ಷ್ಮೇಶ್ವರದ ಕ್ಯಾಂಪಿಗೆ ಒಬ್ಬರೇ ಬಂದಿದ್ದರಂತೆ. ಟೆಸ್ಟ್ ಆಯಿತು, ಅಚ್ಚಿಗೆ ಅಳತೆ ಕೊಟ್ಟರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಿವಿ ಮಂದವಾಗಿರುವುದೇ ಗೊತ್ತಿಲ್ಲ. ಕರೆದರೆ ಹೊರಳಿ ನೋಡುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂದು ಮನೆಯವರು ಸೊಕ್ಕಿನವಳು ಎನ್ನುತ್ತಾರಂತೆ. ಆ ಹೆಣ್ಣುಮಗಳು ಶೈಲಾಗೆ ಹೇಳಿದ ಮಾತನ್ನು ಅವಳು ಹಾಗೇ ಷರಾದಲ್ಲಿ ಬರೆದಿದ್ದಳು: "ಸೊಕ್ಕಿನಾಕಿ ಅನ್ನಲಿ ಬಿಡ್ರಿ. ಕಿವುಡಿ ಅನ್ನೂದು ಬ್ಯಾಡ."

ಇದೇ. ನಾನು ಓದಿ ನಕ್ಕ ಸಾಲು ಇದೇ.

ಅದರ ಮುಂದೆಯೂ ಏನೋ ಬರೆದಿತ್ತು. ಅಚ್ಚು ಬಂದಮೇಲೆ ಖಬರು ಹೇಗೆ ಮುಟ್ಟಿಸಬೇಕು ಎಂಬುದು. ಗಿರಣಿಗೆ ಫೋನ್ ಮಾಡುವ ಹಾಗಿಲ್ಲ. ನಂಬರ್ ಇಲ್ಲದೆ ಆ್ಯಪ್ ಮುಂದೆ ಹೋಗುವುದಿಲ್ಲ ಎಂದಾಗ ಬಾಯಿಗೆ ಬಂದ ನಂಬರ್ ಅದು, ಅಷ್ಟೇ. ಖಬರಿಗೆ ಬೇರೆಯೇ ದಾರಿ ಹೇಳಿದ್ದರು. ಶೈಲಾ ಒಬ್ಬೊಬ್ಬರಿಗೆ ಒಂದೊಂದು ದಾರಿ ಇಟ್ಟುಕೊಂಡಿರುತ್ತಾಳೆ. ಒಬ್ಬರಿಗೆ ಬಳೆಗಾರರ ಕೈಯಲ್ಲಿ ಹೇಳಿ ಕಳಿಸುತ್ತಾಳೆ, ಇನ್ನೊಬ್ಬರಿಗೆ ಮುಂಜಾನೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಇವರದು ಯಾವ ದಾರಿ?

"ನೀ ಓದಿದ್ಯಲ್ಲೋ, ನೆನಪ ಮಾಡ್ಕೋ" ಎನ್ನುತ್ತಾಳೆ ಶೈಲಾ.

ಮಾಡಿಕೊಳ್ಳುತ್ತಿದ್ದೇನೆ. ಒಮ್ಮೆ 'ತವರುಮನೆ' ಎಂಬ ಶಬ್ದ ಇತ್ತು ಅನಿಸುತ್ತದೆ. ಮರುದಿನ 'ಸೋಮವಾರ' ಇತ್ತು ಅನಿಸುತ್ತದೆ. ಮೂರನೇ ದಿನಕ್ಕೆ ಎರಡೂ ಸೇರಿ 'ಸೋಮವಾರ ತವರುಮನೆಗೆ' ಎಂದು ಚಂದದ ಒಂದು ವಾಕ್ಯವೇ ಆಗಿಬಿಟ್ಟಿತ್ತು. ಇಷ್ಟು ಚಂದ ಇದೆ ಎಂದರೆ ಅದನ್ನು ನಾನೇ ಕಟ್ಟಿರಬೇಕು.

ಕಡೆಗೆ ಊರಿಗೇ ಹೋಗುವುದೆಂದು ಮಾತಾಯಿತು. ಈರಪ್ಪಜ್ಜನಿಗೆ ಹೊಸ ಮಷಿನ್ ತೋರಿಸುವ ನೆಪ.

"ಹೋಗಿ ಹೆಂಗ ಗುರುತ ಹಿಡೀತಿ? ಮಾರಿ ನೆನಪೈತೇನು?" ಎಂದು ಬಸ್ಸಿನಲ್ಲಿ ಕೇಳಿದೆ.

"ನನಗ ಮಾರಿ ನೆನಪ ಇರಂಗಿಲ್ಲೋ ಅಣ್ಣಾ. ಕಿವಿ ನೆನಪಿರ್ತಾವು." ಬಲಗಿವಿಯ ಹಾಲೆ ಎಂದೋ ಹರಿದು ಹೊಲಿಗೆ ಹಾಕಿಸಿಕೊಂಡದ್ದು ಅವಳಿಗೆ ನೆನಪಿತ್ತು. ಭಾರದ ವಾಲಿ ಹಾಕಿದವರಿಗೆ ಆಗುತ್ತದಂತೆ.

ಕಿವಿ ನೋಡಿ ಗುರುತು ಹಿಡಿಯಬಹುದು ಎಂದು ನಾವಿಬ್ಬರೂ ಸುಮಾರು ಒಂದು ತಾಸು ನಂಬಿದ್ದೆವು. ಊರಿನಲ್ಲಿ ಇಳಿದ ಮೇಲೆ ನಂಬಿಕೆ ಹೋಯಿತು. ಓಣಿಯಲ್ಲಿ ಎದುರಾದ ಹೆಣ್ಣುಮಕ್ಕಳೆಲ್ಲ ತಲೆಯ ಮೇಲೆ ಸೆರಗು ಹೊದ್ದಿದ್ದರು. ಒಂದು ಕಿವಿಯೂ ಕಾಣಲಿಲ್ಲ.

ಗಿರಣಿಯವರ ಹೆಸರು ಫಕ್ಕೀರಪ್ಪ ಎಂದಿಟ್ಟುಕೊಳ್ಳೋಣ. (ಬದಲಿಸಿದ್ದೇನೆ. ಆ ಕಡೆ ಈ ಹೆಸರಿಗೆ ಬರವಿಲ್ಲ.) ರೆಪ್ಪೆಯ ತನಕ ಹಿಟ್ಟು. ಗಿರಣಿ ನಡೆಯುತ್ತಿತ್ತು. ಒಳಗೆ ಹೋದವರೆಲ್ಲ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಒದರುತ್ತಿದ್ದರು, ಇಲ್ಲವೇ ಕೈಸನ್ನೆ ಮಾಡುತ್ತಿದ್ದರು. ಫಕ್ಕೀರಪ್ಪ ನಮ್ಮನ್ನು ನೋಡಿ ಹೊರಗೆ ಕಟ್ಟೆಗೆ ಕರೆದುಕೊಂಡು ಬಂದರು.

"ಬರ್ರಿ ಅಕ್ಕಾರ, ಕುಂಡ್ರಿ. ನಿಮ್ಮ ಫೋನ ಬರವಲ್ದಾತಲ್ರಿ. ಅಂಗಡಿ ಬಂದ್ ಮಾಡಿದ್ರೋ ಏನೋ ಅಂದ್ಕೊಂಡಿದ್ದೆ."

"ಇಲ್ರಿ. ಕಂಪ್ಯೂಟರ್ ಸ್ವಲ್ಪ ಕೆಟ್ಟಿತ್ತು" ಎಂದಳು ಶೈಲಾ. ನನ್ನ ಕಡೆ ನೋಡಲಿಲ್ಲ. "ನಮ್ಮ ಕ್ಯಾಂಪಿಗೆ ನಿಮ್ಮ ನಂಬರ್ ಯಾರ್ಯಾರ ಕೊಟ್ಟಾರ ನೆನಪೈತೇನ್ರಿ?"

"ನನ್ನ ನಂಬರ್ ಯಾರ ಕೊಟ್ಟಿಲ್ಲ ಕೇಳ್ರಿ. ಗ್ಯಾಸಿಗೂ ಇದ, ಬ್ಯಾಂಕಿಗೂ ಇದ. ಮಂದಿ ಓಟಿಪಿ ಎಲ್ಲಾ ನನಗ ಬರ್ತಾವು. ಓಡಿ ಹೋಗಿ ಹೇಳಿ ಬರಬೇಕು. ಹಿಟ್ಟು ಬೀಸೂದು ಯಾವಾಗ?" ಎಂದು ನಕ್ಕು, ಬೆರಳು ಮಡಚಲು ಶುರು ಮಾಡಿದರು. "ಈರಪ್ಪಜ್ಜ ಒಂದು. ನಮ್ಮ ಕಾಕಾ ಎರಡು. ಗುರುಸಿದ್ದಪ್ಪ ಮೂರು, ಅವಗ ಬೇಕಾದದ್ದಷ್ಟ ಕೇಳತೈತಿ, ಅದು ಕಿವಿ ರೋಗ ಅಲ್ಲ. ದ್ಯಾಮವ್ವ ಆಯಿ ನಾಕು. ರಾಜಾಸಾಬ ಐದು."

ಶೈಲಾ ಐದು ಹೆಸರು ಬರೆದುಕೊಂಡಳು. ಬರೆದು ಪೆನ್ನು ಮುಚ್ಚಲಿಲ್ಲ.

"ಯಾಕ್ರಿ, ಮತ್ತ್ಯಾರರ ಅದಾರೇನು? ಗಂಡಸರೋ ಹೆಣಮಕ್ಕಳೋ ಹೇಳ್ರಿ, ಈಗ ಕರಸ್ತೀನಿ. ಈ ಊರಾಗ ನನಗ ತಿಳೀಲಾರದ್ದು ಏನೈತಿ?"

ಒಂದು ಮಾತು ಸಾಕಿತ್ತು. 'ಹೌದ್ರಿ, ಒಬ್ಬಾಕಿ ಅದಾಳ' ಎಂದರೆ ಆ ಮನುಷ್ಯ ಸಂಜೆಯೊಳಗೆ ಹುಡುಕಿ ತಂದು ನಿಲ್ಲಿಸುತ್ತಿದ್ದರು. ಊರೂ ಜೊತೆಗೆ ಬಂದು ನಿಲ್ಲುತ್ತಿತ್ತು.

"ಇಲ್ರಿ" ಎಂದಳು ಶೈಲಾ. "ಐದ ಮಂದಿ. ಬರೋಬ್ಬರಿ ಆತು."

ಆಗಲೇ ಒಬ್ಬ ಹೆಣ್ಣುಮಗಳು ಜೋಳದ ಬುಟ್ಟಿ ಹೊತ್ತು ಬಂದರು. ನಮ್ಮ ಮುಂದೆಯೇ ಹಾದು ಒಳಗೆ ಹೋದರು. ಫಕ್ಕೀರಪ್ಪ, "ಏ ತಂಗಿ, ಇನ್ನ ಮೂರು ಬುಟ್ಟಿ ಪಾಳಿ ಐತಿ, ಆಮ್ಯಾಲೆ ಬಾ" ಎಂದರು. ಆಕೆ ತಿರುಗಲಿಲ್ಲ. ಫಕ್ಕೀರಪ್ಪ ನಮ್ಮ ಕಡೆ ನೋಡಿ, "ಸೊಕ್ಕು ನೋಡ್ರಿ" ಎಂದರು.

ಎಂದರೇ? ಇಲ್ಲಿ ನನಗೆ ನನ್ನ ಮೇಲೆಯೇ ಗುಮಾನಿ. 'ಸೊಕ್ಕು' ಎಂಬ ಶಬ್ದ ಆ ಹೊತ್ತಿಗೆ ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಅದನ್ನು ನಾನೇ ಅವರ ಬಾಯಿಗೆ ಹಾಕಿರಬಹುದು. ಅವರು "ನೋಡ್ರಿ ಹೆಂಗ ಹೊಂಟ್ಳು" ಎಂದಷ್ಟೇ ಅಂದಿರಬಹುದು. ಗಿರಣಿಯ ಗದ್ದಲದಲ್ಲಿ ಕಿವಿ ನೆಟ್ಟಗಿದ್ದವರಿಗೂ ಪಾಳಿಯ ಆ ಮಾತು ಕೇಳಿಸುತ್ತಿರಲಿಲ್ಲ ಎಂಬುದೂ ನಿಜ.

ಶೈಲಾ ಎದ್ದು ಒಳಗೆ ಹೋದಳು. ನಾನು ಬಾಗಿಲಿನಿಂದ ನೋಡಿದೆ. ಆ ಹೆಣ್ಣುಮಗಳು ಬುಟ್ಟಿ ಇಳಿಸಿ, ತಲೆ ಎತ್ತಿ, ಶೈಲಾಳನ್ನು ನೋಡಿದರು. ನೋಡಿ, ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಪರಊರಿನ ಗಂಡಸು ಬಾಗಿಲಲ್ಲಿ ನಿಂತಿದ್ದಾನೆಂದು ಎಳೆದುಕೊಂಡರೋ, ಶೈಲಾಳ ಗುರುತು ಹತ್ತಿ ಎಳೆದುಕೊಂಡರೋ? ಶೈಲಾ ಏನೂ ಕೇಳಲಿಲ್ಲ. ಕೇಳುವುದು ಹೇಗೆ? ಒದರಬೇಕಲ್ಲ. ಸುತ್ತ ನಾಲ್ಕು ಜನ ನಿಂತಿದ್ದರು. ಬುಟ್ಟಿ ಅಲ್ಲೇ ಬಿಟ್ಟು ಆ ಹೆಣ್ಣುಮಗಳು ಹೊರಗೆ ಬಂದು, ನನ್ನನ್ನು ದಾಟಿ, ಹೊರಟುಹೋದರು.

ಬಸ್ ಸ್ಟ್ಯಾಂಡಿನಲ್ಲಿ ಶೈಲಾ, "ಆಕೀನ ಅಣ್ಣಾ, ಆಕೀನ" ಎಂದಳು. ಲಕ್ಷ್ಮೇಶ್ವರ ಬರುವಷ್ಟರಲ್ಲಿ, "ಆಕಿ ಇಷ್ಟು ಎತ್ತರ ಇದ್ದಿಲ್ಲ" ಎಂದಳು. ಗದಗಿನಲ್ಲಿ ಇಳಿದಾಗ, "ನನಗ ಏನೂ ತಿಳಿವಲ್ದೋ" ಎಂದಳು.

ಉಳಿದ ಐವರು ಹೊಸ ಪ್ಲಾಟ್‌ಫಾರ್ಮಿಗೆ ಏರಿದರು. ಅದಕ್ಕೆ ಒಂದು ನಂಬರಿಗೆ ಇಬ್ಬರಾಗುವುದಿಲ್ಲವಾದ್ದರಿಂದ ಶೈಲಾ ತನ್ನದು, ನನ್ನದು, ನನ್ನ ಹೆಂಡತಿಯದು, ಅಂಗಡಿಯದು ಎಂದು ಇದ್ದಬದ್ದ ನಂಬರುಗಳನ್ನೆಲ್ಲ ಹಾಕಿದಳು. ಈಗ ದ್ಯಾಮವ್ವ ಆಯಿಗೆ ಬರಬೇಕಾದ ಮೆಸೇಜು ನನಗೆ ಬರುತ್ತದೆ. "ಪ್ರಿಯ ಗ್ರಾಹಕರೇ, ನಾವು ನಿಮ್ಮನ್ನು ಮರೆತಿಲ್ಲ" ಎಂದು ಮೊನ್ನೆ ಬಂತು. ಹೊಸದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ, ಕೊಳ್ಳುವ ಉಮೇದು ಎಷ್ಟಿದೆ ಎಂದು, ಮೂರರಲ್ಲಿ ಒಂದನ್ನು ಒತ್ತಬೇಕು: ಹಾಟ್, ವಾರ್ಮ್, ಕೋಲ್ಡ್. ಷರಾ ಇಲ್ಲ.

ಶೈಲಾ ಈಗ ಹೊಲಿದ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅದನ್ನು ನಾನು ಮುಟ್ಟುವ ಹಾಗಿಲ್ಲ. ಆಜ್ಞೆಯಾಗಿದೆ.

ಈ ಅಂಕಣ ಬರೆಯಲೋ ಬೇಡವೋ ಎಂದು ಎರಡು ವಾರ ತೂಗಿದೆ. ಆ ಹೆಣ್ಣುಮಗಳಿಗೆ ಓದು ಬರುತ್ತಿದ್ದರೆ ಇದೇ ಖಬರು ಆಗಬಹುದಲ್ಲ ಎಂಬ ಆಸೆಯಿತ್ತು. ಅಚ್ಚಾದ ಅಕ್ಷರಕ್ಕೆ ಕಿವಿ ಬೇಕಿಲ್ಲ. ಆದರೆ ಆಕೆಗೆ ಗುರುತು ಹತ್ತುವಷ್ಟು ಬರೆದರೆ ಊರಿಗೂ ಗುರುತು ಹತ್ತುತ್ತದೆ. ಊರಿಗೆ ಹತ್ತದ ಹಾಗೆ ಬರೆದರೆ ಆಕೆಗೂ ಹತ್ತುವುದಿಲ್ಲ. ಕಿವಿಯ ಹಾಲೆಯ ಬಗ್ಗೆ ಮೇಲೆ ಬರೆದದ್ದರಲ್ಲೂ ಒಂದು ಮಾತು ಬದಲಿಸಿದ್ದೇನೆ. ಅಲ್ಲಿಗೆ ಈ ಬರಹದಿಂದ ಆಕೆಗೆ ಉಪಯೋಗವಿಲ್ಲ. ನನಗೆ ಒಪ್ಪಿಕೊಂಡ ಸಮಾಧಾನ ಸಿಗಬಹುದು, ಅದೂ ಪುಕ್ಕಟೆ ಸಮಾಧಾನ.

ತಡವಾದಷ್ಟೂ ಮಾತು ಗುರುತಿಸುವ ಶಕ್ತಿ ಕುಂದುತ್ತ ಹೋಗುತ್ತದೆ, ಆಮೇಲೆ ಮಷಿನ್ ಹಾಕಿದರೂ ಸಪ್ಪಳ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂದು ಶೈಲಾ ಹೇಳುತ್ತಾಳೆ. ದಿನಾ ಹೇಳುವುದಿಲ್ಲ. ಡಬ್ಬಿಯನ್ನು ಒರೆಸಿ ಇಡುವಾಗ ಹೇಳುತ್ತಾಳೆ.

ಆಕೆಯ ಕಡೆಯಿಂದ ನೋಡಿದರೆ ಆಗಿರುವುದು ಇಷ್ಟೇ. ಖಬರು ಕಳಿಸುತ್ತೇವೆ ಎಂದಿದ್ದರು, ಬರಲಿಲ್ಲ. ಅಂಗಡಿಯವರು ಮರೆತರು ಎಂದುಕೊಂಡಿದ್ದಾರೋ, ತನ್ನ ಕಿವಿಗೆ ಮಷಿನ್ನೇ ಇಲ್ಲ ಎಂದುಕೊಂಡಿದ್ದಾರೋ, ಇಲ್ಲಾ ಖಬರು ಬಂದಿತ್ತು, ತನಗೇ ಕೇಳಿಸಲಿಲ್ಲ ಎಂದುಕೊಂಡಿದ್ದಾರೋ, ನನಗೆ ಗೊತ್ತಿಲ್ಲ.